ರಾಕೆಟ್ಟಿನ ಶಿರೋಭಾಗ ಮತ್ತು ವಾಯುಸುರಂಗ

ಗಗನಕ್ಕೇರುವ ರಾಕೆಟ್ಟನ್ನು ನೋಡುವವರ ಗಮನವೆಲ್ಲ ಅದರ ಬಾಲದ ಬೆಂಕಿಯ ಮೇಲಿರುವುದು ಸಹಜ. ಆದರೆ ವಾಯುಮಂಡಲವನ್ನು ಮೊದಲು ಎದುರಿಸುವುದು ಅದರ ಶಿರೋಭಾಗ. ಉಪಗ್ರಹವನ್ನು ಕಾಯುವ ಉಷ್ಣಕವಚವಿರುವುದು ಅಲ್ಲಿಯೇ. ಅನೇಕ ವರ್ಷಗಳ ಶ್ರಮದ ಫಲವನ್ನು ರಕ್ಷಿಸುವ ಹೊಣೆ ಈ ತೆಳುಗವಚದ್ದು.

ಅಲುಗಾಟದ ದೃಷ್ಟಿಯಿಂದ ಇದಕ್ಕೆ ಕಠಿಣ ಪರೀಕ್ಷೆ ಒದಗುವುದು ರಾಕೆಟ್ಟು ಅತಿವೇಗದಲ್ಲಿರುವಾಗ ಅಲ್ಲ, ಶಬ್ದವೇಗದ ಹೊಸ್ತಿಲನ್ನು ದಾಟುವಾಗ. ವೇಗವು ಶಬ್ದವೇಗದ ಎಷ್ಟು ಪಟ್ಟು ಎಂಬುದನ್ನು ತಿಳಿಸುವ ಅಂಕೆಗೆ ಮ್ಯಾಕ್ ಸಂಖ್ಯೆಯೆಂದು ಹೆಸರು. ರಾಕೆಟ್ಟು ಮ್ಯಾಕ್ 1ನ್ನು ಮುಟ್ಟುವ ಮೊದಲೇ, ಕವಚದ ಶಂಕುಭಾಗವು ಕೊಳವೆಯಾಕಾರದ ಭಾಗವನ್ನು ಕೂಡುವ ಭುಜದ ಬಳಿ ಗಾಳಿಯ ವೇಗ ಶಬ್ದವೇಗವನ್ನು ಮೀರುತ್ತದೆ. ಮುಂದೆ ಆಘಾತ ತರಂಗವೊಂದನ್ನು ದಾಟಿ ಹಠಾತ್ತನೆ ನಿಧಾನವಾಗುತ್ತದೆ. ಈ ತರಂಗ ಹಿಂದುಮುಂದಾಗಿ ಓಲಾಡಿದರೆ, ಗಾಳಿಯು ಕವಚದ ಮೈಬಿಟ್ಟು ಸುಳಿಗಟ್ಟಿದರೆ, ಮೇಲ್ಮೈ ಒತ್ತಡ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆ ಏರಿಳಿತದ ಲಯ ರಚನೆಯ ಸಹಜ ಕಂಪನದೊಡನೆ ಹೊಂದಿದರೆ ಅನಾಹುತ ಕಟ್ಟಿಟ್ಟದ್ದು.

ಶಿರೋಭಾಗದ ದೃಢತೆ ಎಷ್ಟು ಮುಖ್ಯವೆಂಬುದನ್ನು 1960ರ ಜುಲೈ 29ರ ಘಟನೆ ತೋರಿಸಿತು. ಅಮೆರಿಕದ ಮಾನವರಹಿತ ಮರ್ಕ್ಯುರಿ-ಅಟ್ಲಾಸ್ 1 ಮೇಲೇರಿದ ಸುಮಾರು ಒಂದು ನಿಮಿಷದಲ್ಲಿ, ಗಾಳಿಯ ಒತ್ತಡ ಹೆಚ್ಚಿದ್ದ ಹಂತದಲ್ಲಿ, ಮುಂಭಾಗದ ರಚನೆ ಕುಸಿದು ನಾಶವಾಯಿತು. ಮುಂದಿನ ವಾಹನದ ಮೇಲ್ಭಾಗಕ್ಕೆ ಉಕ್ಕಿನ ಪಟ್ಟಿ ಬಿಗಿಯಲಾಯಿತು; 1961ರ ಫೆಬ್ರವರಿ 21ರಂದು ಅದು ಯಶಸ್ವಿಯಾಗಿ ಹಾರಿತು.

ಇಂತಹ ಅಪಾಯಗಳನ್ನು ನೆಲದ ಮೇಲೆಯೇ ಅರಿಯುವ ಸಾಧನವೇ ವಾಯುಸುರಂಗ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಲ್ಲಿ ಕಾರ್ಯಾರಂಭಗೊಂಡ 1.2 ಮೀಟರಿನ ವಾಯುಸುರಂಗ ಮ್ಯಾಕ್ 0.2ರಿಂದ 4ರವರೆಗಿನ ವೇಗಗಳನ್ನು ಒದಗಿಸಬಲ್ಲದು. ದೊಡ್ಡ ತೊಟ್ಟಿಗಳಲ್ಲಿ ಒತ್ತಿ ತುಂಬಿದ ಗಾಳಿಯನ್ನು ಬಿಟ್ಟಾಗ ಅದು ಪರೀಕ್ಷಾಕೋಷ್ಠದ ಮೂಲಕ ಅಲ್ಪಕಾಲ ರಭಸದಿಂದ ಹರಿಯುತ್ತದೆ. ಭಾರತದ ಉಪಗ್ರಹ ವಾಹನಗಳ ಮಾದರಿಗಳು ಇಲ್ಲಿ ಪರೀಕ್ಷೆಗೊಳಗಾಗಿವೆ.

ಹಿಂಬದಿಯಿಂದ ಉಕ್ಕಿನ ದಂಡವೊಂದು ಕಿರುಮಾದರಿಯನ್ನು ಹಿಡಿದಿರುತ್ತದೆ. ಒಳಗಿನ ತಕ್ಕಡಿ ಬಲಗಳನ್ನು ಅಳೆದರೆ, ಮೈಮೇಲಿನ ಸೂಕ್ಷ್ಮ ರಂಧ್ರಗಳ ಮೂಲಕ ಒತ್ತಡ ತಿಳಿಯುತ್ತದೆ. ಗಾಳಿಯ ಸಾಂದ್ರತೆಯ ವ್ಯತ್ಯಾಸದಿಂದ ಬೆಳಕು ಬಾಗುವುದನ್ನು ಬಳಸುವ ಶ್ಲೀರನ್ ವಿಧಾನದಿಂದ ಅಗೋಚರವಾದ ಆಘಾತ ತರಂಗವೂ ಕಣ್ಣಿಗೆ ಗೋಚರಿಸುತ್ತದೆ. ಆದರೆ ಮಾದರಿ ಚಿಕ್ಕದಾದುದರಿಂದ ಅದರ ಮೈಗಂಟಿದ ಗಾಳಿಪದರ ನಿಜವಾಹನದಲ್ಲಿರುವಂತೆ ಪ್ರಕ್ಷುಬ್ಧವಾಗದಿರಬಹುದು. ಅದಕ್ಕಾಗಿ ಮೂತಿಯ ಸಮೀಪ ಮರಳಿನಂತಹ ಒರಟು ಕಣಗಳ ಪಟ್ಟಿಯನ್ನು ಅಂಟಿಸುವ ರೂಢಿಯುಂಟು.

ಪಿಎಸ್‌ಎಲ್‌ವಿ ವಾಹನದ ಮೊದಲ ಹಂತದ ವ್ಯಾಸ 2.8 ಮೀಟರ್, ಉಷ್ಣಕವಚದ ವ್ಯಾಸ 3.2 ಮೀಟರ್. ದೇಹಕ್ಕಿಂತ ತಲೆ ದಪ್ಪವಾದುದರಿಂದ ಉಪಗ್ರಹಕ್ಕೆ ಹೆಚ್ಚಿನ ಸ್ಥಳ ದೊರೆಯುತ್ತದೆ. ಆದರೆ ಕವಚ ಮತ್ತೆ ಕಿರಿದಾಗುವ ಎಡೆಯಲ್ಲಿಯೂ ಗಾಳಿ ಮೈಬಿಡುವ ಸಂಭವವುಂಟು. ಆದುದರಿಂದ ಇಂತಹ ಆಕಾರದ ಪ್ರತಿಯೊಂದು ಇಳಿಜಾರನ್ನೂ ಅಳೆದು ನೋಡಿಯೇ ನಿರ್ಧರಿಸಬೇಕಾಗುತ್ತದೆ. 1994ರ ಅಕ್ಟೋಬರ್ 15ರಂದು ಈ ವಾಹನ ತನ್ನ ಮೊದಲ ಯಶಸ್ಸನ್ನು ಕಂಡಿತು.

ಹಾರಿದ ರಾಕೆಟ್ಟನ್ನು ಮರಳಿ ಕರೆದು ಅದರ ಆಕಾರವನ್ನು ತಿದ್ದಲಾಗದು. ತಿದ್ದುಪಡಿಗೆ ಅವಕಾಶವಿರುವುದು ನೆಲದ ಮೇಲೆ, ಗಾಳಿ ಬೀಸುವ ಆ ಕೆಲವೇ ಕ್ಷಣಗಳಲ್ಲಿ. ವಾಯುಸುರಂಗದ ಮಹತ್ವವಿರುವುದು ಅದರಲ್ಲಿಯೇ.