ಟವರಿನ ದಾರಿಗೆ ಅಂಕ ಹಾಕುವವರು ಯಾರು?

ಕತ್ರಿಗುಪ್ಪೆಯ ಓದುಗರೊಬ್ಬರು ಎರಡು ಫೋಟೊ ಕಳಿಸಿದ್ದಾರೆ. ಒಂದರಲ್ಲಿ ಅವರ ಮನೆಯ ಮುಂದಿನ ಫುಟ್‌ಪಾತ್ ಬಗೆದು ಕರೆಂಟಿನ ಕೇಬಲ್ ಇಳಿಸುತ್ತಿದ್ದಾರೆ. ಇನ್ನೊಂದು ವಿಟ್ಲದ ಹತ್ತಿರದ್ದು. ಅಲ್ಲಿ ಅವರ ಅಣ್ಣನ ಅಡಿಕೆ ತೋಟದ ನಡುವೆ ಸರ್ವೆಯವರು ನೆಟ್ಟು ಹೋದ ಒಂದು ಕಲ್ಲು, ಅದರ ನೆತ್ತಿಗೆ ಕೆಂಪು ಬಣ್ಣ. ಜೊತೆಗೆ ಎರಡು ಪ್ರಶ್ನೆ: ‘ನನ್ನ ಮನೆಯ ಮುಂದೆ ತಂತಿ ನೆಲದೊಳಗೆ ಹೋಗುತ್ತದೆ, ಅಣ್ಣನ ತೋಟದಲ್ಲಿ ಮಾತ್ರ ಯಾಕೆ ತಲೆಯ ಮೇಲೆ? ಆ ಕಲ್ಲು ಅಲ್ಲೇ ಬೀಳಬೇಕೆಂದು ಲೆಕ್ಕ ಹಾಕಿದವರು ಯಾರು?’

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಬೆಂಗಳೂರಿನ ಫುಟ್‌ಪಾತುಗಳ ಅಡಿಗೆ ಹೋಗುತ್ತಿರುವುದು ಹೆಚ್ಚಾಗಿ 11 ಕಿಲೋವೋಲ್ಟಿನ ಕೇಬಲ್. ಕರಾವಳಿಯ ತೋಟಗಳ ಮೇಲೆ ಹಾಯುವುದು 400 ಕಿಲೋವೋಲ್ಟಿನ ಲೈನ್. ಎತ್ತರದಲ್ಲಿ ಕಟ್ಟಿದ ಬರಿಯ ತಂತಿಗೆ ಗಾಳಿಯೇ ರಕ್ಷೆ, ಗಾಳಿಯೇ ಬೀಸಣಿಗೆ. ನೆಲದಡಿಯ ಕೇಬಲ್ಲಿಗೆ ಆ ಅನುಕೂಲವಿಲ್ಲ. ಅದರ ಒಳಗೆ ಲೋಹದ ತಿರುಳು, ಸುತ್ತ ದಪ್ಪನೆಯ ಪ್ಲಾಸ್ಟಿಕ್, ಅದರ ಹೊರಗೆ ಮತ್ತೊಂದು ಲೋಹದ ಕವಚ. ಎರಡು ಲೋಹಗಳ ನಡುವೆ ಕರೆಂಟು ಹರಿಯದ ಪದರವಿದ್ದರೆ ಅದೇ ಕೆಪಾಸಿಟರ್. ಎಸಿ ಕರೆಂಟು ಸೆಕೆಂಡಿಗೆ 50 ಆವರ್ತನದಲ್ಲಿ ಈ ಉದ್ದನೆಯ ಕೆಪಾಸಿಟರನ್ನು ತುಂಬಿಸುತ್ತ, ಬರಿದು ಮಾಡುತ್ತ ಇರಬೇಕಾಗುತ್ತದೆ. ಕೇಬಲ್ ಉದ್ದವಾದಷ್ಟೂ ಈ ತುಂಬುವ ಕೆಲಸಕ್ಕೇ ಅದರ ಸಾಮರ್ಥ್ಯ ಸವೆಯುತ್ತದೆ. ಹತ್ತಾರು ಕಿಲೋಮೀಟರ್ ದಾಟಿದ ಮೇಲೆ ಈ ತುಂಬುವ ಕರೆಂಟನ್ನು ಸರಿದೂಗಿಸಲು ಅಲ್ಲಲ್ಲಿ ರಿಯಾಕ್ಟರ್ ಎಂಬ ತಂತಿಸುರುಳಿ ಕೂರಿಸದೆ ಗತಿಯಿಲ್ಲ. ಖರ್ಚು ಹಲವು ಪಟ್ಟು ಏರುತ್ತದೆ. ಹೂತ ಕೇಬಲ್ಲಿನ ಮೇಲೆ ಬೇರು ಆಳಕ್ಕಿಳಿಸುವ ಮರ ಬೆಳೆಸಲೂ ಬಿಡುವುದಿಲ್ಲ.

ಡಿಸಿ ಆದರೆ ಈ ತುಂಬಿ ಬರಿದಾಗುವ ತೊಡಕಿಲ್ಲ. 2021ರಲ್ಲಿ ಉದ್ಘಾಟನೆಯಾದ ತಮಿಳುನಾಡಿನ ಪುಗಳೂರು–ಕೇರಳದ ತ್ರಿಶ್ಶೂರು ಲೈನ್ 2,000 ಮೆಗಾವಾಟ್ ಸಾಗಿಸಬಲ್ಲ ಡಿಸಿ ಲೈನ್. ಕೇರಳದಲ್ಲಿ ಟವರಿಗೆ ಜಾಗ ಸಿಗುವುದು ಕಷ್ಟವಾದ್ದರಿಂದ ಅದರ ಕೊನೆಯ ಸುಮಾರು 27 ಕಿಲೋಮೀಟರನ್ನು ನೆಲದಡಿಗೆ ಇಳಿಸಿದರು. ಹಾಗಾಗಿ ‘ಸಾಧ್ಯವೇ ಇಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಎಲ್ಲವನ್ನೂ ಹೂತುಬಿಡಿ’ ಎಂಬ ಮಾತನ್ನೂ ಒಪ್ಪಲಾರೆ.

ಎರಡನೆಯ ಪ್ರಶ್ನೆಗೆ ಬರೋಣ. ನನ್ನ ಆಸಕ್ತಿ ಇರುವುದು ಅಲ್ಲಿಯೇ.

ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಆಟೊ ಹತ್ತಿ ಕೆ.ಆರ್. ಮಾರ್ಕೆಟ್ಟಿಗೆ ಹೊರಟಿದ್ದೀರಿ ಎಂದುಕೊಳ್ಳಿ. ಮೊಬೈಲಿನ ನಕ್ಷೆ ವಿದ್ಯಾಪೀಠ ಸರ್ಕಲ್ಲಿನ ಕಡೆಗೆ ಬೆರಳು ತೋರಿಸುತ್ತದೆ. ಆಟೊದವರು, ‘ಬೇಡ ಸಾರ್, ಸ್ಕೂಲ್ ಬಿಡೋ ಹೊತ್ತು, ಹನುಮಂತನಗರದ ಮೇಲೆ ಹೋಗೋಣ’ ಅನ್ನುತ್ತಾರೆ. ಅವರ ತಲೆಯಲ್ಲಿ ಒಂದೊಂದು ಬೀದಿಗೂ ಒಂದೊಂದು ಅಂಕವಿದೆ. ಸಂತೆಯ ಬೀದಿಗೆ ಬೆಳಿಗ್ಗೆ ಏಳು, ಮಧ್ಯಾಹ್ನ ಎರಡು. ಮಳೆ ಬಂದರೆ ನೀರು ನಿಲ್ಲುವ ಇಳಿಜಾರಿಗೆ ಹತ್ತು. ದೂರವನ್ನು ಅಳೆದವರು ನಕ್ಷೆ ಮಾಡಿದವರು, ಅಂಕ ಕೊಟ್ಟವರು ಆಟೊದವರು. ಎರಡೂ ಕೂಡಿದಾಗಲೇ ದಾರಿ ಹುಟ್ಟುವುದು.

ಅಂಕಗಳು ಕೈಗೆ ಸಿಕ್ಕರೆ ಉಳಿದದ್ದು ಗಣಿತ. ಆ ಗಣಿತ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ತರುಣ, ಮದುವೆಯಾಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು ಕಾಫಿ ಕುಡಿಯಲು ಕೂತ. ಅವನ ಸಂಸ್ಥೆಯಲ್ಲಿ ಹೊಸದಾಗಿ ತಯಾರಾದ ಕಂಪ್ಯೂಟರಿನ ಶಕ್ತಿಯನ್ನು ಜನಸಾಮಾನ್ಯರಿಗೆ ತೋರಿಸಲು ಒಂದು ಸಮಸ್ಯೆ ಬೇಕಿತ್ತು. ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿ ಯಾವುದು? ಪೆನ್ನು, ಕಾಗದ ಇಲ್ಲದೆ ಸುಮಾರು ಇಪ್ಪತ್ತು ನಿಮಿಷದಲ್ಲಿ ಉತ್ತರ ಹೊಳೆಯಿತಂತೆ. ಪ್ರಕಟವಾದದ್ದು 1959ರಲ್ಲಿ. ಊರಲ್ಲಿ ಸುದ್ದಿ ಹರಡುವುದನ್ನು ನೆನೆಸಿಕೊಂಡರೆ ಅದು ಅರ್ಥವಾಗುತ್ತದೆ. ಮೊದಲು ಪಕ್ಕದ ಮನೆ, ಅಲ್ಲಿಂದ ಅದಕ್ಕೆ ಹತ್ತಿರದ ಮನೆ. ದೂರದ ಮನೆಗೆ ಸುದ್ದಿ ಮೊದಲ ಸಲ ಮುಟ್ಟಿದಾಗ ಯಾರ ಬಾಯಿಂದ ಯಾರ ಕಿವಿಗೆ ಬಂತೆಂದು ಹಿಂದಕ್ಕೆ ಎಣಿಸುತ್ತ ಹೋದರೆ ಅದೇ ಅತಿ ಹತ್ತಿರದ ದಾರಿ.

ವಿದ್ಯುತ್ ಲೈನಿನ ದಾರಿ ಹುಡುಕುವಾಗ ಇಡೀ ಭೂಪಟವನ್ನು ಚದುರಂಗದ ಹಾಸಿನ ಹಾಗೆ ಮನೆಮನೆಯಾಗಿ ಕತ್ತರಿಸುತ್ತಾರೆ. ಪ್ರತಿ ಮನೆಗೂ ಒಂದು ಅಂಕ. ಕಂಪ್ಯೂಟರು ಒಟ್ಟು ಅಂಕ ಅತಿ ಕಡಿಮೆ ಬರುವ ಸಾಲನ್ನು ಆರಿಸುತ್ತದೆ. ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಬಯಲಿಗೆ 1, ಅಡಿಕೆ ತೋಟಕ್ಕೆ 4 ಎಂದು ಇಟ್ಟಿದ್ದೇವೆ. ನೇರ ದಾರಿಯಲ್ಲಿ ಐದು ಮನೆ, ಐದೂ ತೋಟ, ಒಟ್ಟು 20. ಬಳಸಿ ಹೋದರೆ ಹನ್ನೆರಡು ಮನೆ, ಎಲ್ಲವೂ ಬಯಲು, ಒಟ್ಟು 12. ಕಂಪ್ಯೂಟರು ತೋಟ ಬಿಟ್ಟು ಬಳಸಿ ಹೋಗುತ್ತದೆ. ಈಗ ಯಾರೋ ಕಚೇರಿಯಲ್ಲಿ ಕೂತು ತೋಟದ ಅಂಕವನ್ನು 4ರಿಂದ 2ಕ್ಕೆ ಇಳಿಸಲಿ. ನೇರ ದಾರಿ 10ಕ್ಕೆ ಇಳಿದು ಗೆಲ್ಲುತ್ತದೆ. ಗಣಿತ ಒಂದಿಷ್ಟೂ ತಪ್ಪಿಲ್ಲ. ಒಂದು ಅಂಕ ಬದಲಾಗಿದ್ದಕ್ಕೆ ಐದು ತೋಟ ಹೋಯಿತು.

ಹಾಗಾದರೆ ಅಂಕ ಹಾಕುವವರು ಯಾರು? ಇದನ್ನು ಗಟ್ಟಿಯಾಗಿ ಕೇಳಿದವರಲ್ಲಿ ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಇಯಾನ್ ಮೆಕ್‌ಹಾರ್ಗ್ ಮುಖ್ಯರು. ಹೆದ್ದಾರಿ ಎಲ್ಲಿ ಹೋಗಬೇಕೆಂಬುದನ್ನು ಎಂಜಿನಿಯರರ ಖರ್ಚಿನ ಪಟ್ಟಿಯೊಂದೇ ಹೇಳಬಾರದು ಎಂಬುದು ಅವರ ವಾದ. ಕಾಡಿಗೊಂದು, ನೀರಿಗೊಂದು, ಜನವಸತಿಗೊಂದು, ಹಳೆಯ ಸ್ಮಾರಕಗಳಿಗೊಂದು ಎಂದು ಪಾರದರ್ಶಕ ಹಾಳೆ ಮಾಡಿ, ಬೆಲೆಬಾಳುವ ಜಾಗಕ್ಕೆಲ್ಲ ಕಪ್ಪು ಛಾಯೆ ಬಳಿದು, ಒಂದರ ಮೇಲೊಂದು ಹಾಸಿ ಬೆಳಕಿಗೆ ಹಿಡಿದರು. ಎಲ್ಲ ಹಾಳೆಯನ್ನೂ ತೂರಿ ಬೆಳಕು ಬರುವ ತಿಳಿಯಾದ ಪಟ್ಟಿಯೇ ದಾರಿ. 1969ರಲ್ಲಿ ಅವರ ಪುಸ್ತಕ ಬಂತು. ಇಂದಿನ ಕಂಪ್ಯೂಟರ್ ನಕ್ಷೆಗಳ ಪದರಗಳ ಹಿಂದೆ ಇದೇ ಕಲ್ಪನೆ ಇದೆ.

2006ರಲ್ಲಿ ಅಮೆರಿಕದ ಜಾರ್ಜಿಯಾದ ಪ್ರಸರಣ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿವಾಸಿಗಳ ಪರವಾಗಿ, ಪರಿಸರದ ಪರವಾಗಿ, ಎಂಜಿನಿಯರಿಂಗಿನ ಪರವಾಗಿ ಮಾತಾಡುವವರನ್ನು ಕೂರಿಸಿ, ಅಂಕಗಳನ್ನು ಅವರ ಕೈಯಲ್ಲೇ ಹಾಕಿಸುವ ವಿಧಾನ ರೂಪಿಸಿತು. ಜನರನ್ನು ‘ಕೆರೆಗೆ ಹತ್ತರಲ್ಲಿ ಎಷ್ಟು?’ ಎಂದು ಕೇಳಿದರೆ ಯಾರಿಗೂ ತೋಚದು. ‘ಕೆರೆ ಹೆಚ್ಚೋ ತೋಪು ಹೆಚ್ಚೋ, ಎಷ್ಟು ಪಟ್ಟು?’ ಎಂದು ಎರಡೆರಡನ್ನೇ ಮುಂದಿಟ್ಟರೆ ಅಜ್ಜಿಯೂ ಥಟ್ಟನೆ ಹೇಳುತ್ತಾಳೆ. ಇಂಥ ಜೋಡಿ ಹೋಲಿಕೆಗಳಿಂದ ಅಂಕಪಟ್ಟಿ ಕಟ್ಟುವ ಗಣಿತವನ್ನು 1970ರ ದಶಕದಲ್ಲಿ ಥಾಮಸ್ ಸಾಟಿ ರೂಪಿಸಿದ್ದರು. ಜಾರ್ಜಿಯಾದವರು ಅದನ್ನು ಬಳಸಿ ಮೂರು ದೃಷ್ಟಿಗೆ ಮೂರು ದಾರಿ, ಮೂರರ ಸರಾಸರಿಗೆ ನಾಲ್ಕನೆಯದು ಎಳೆದು ಮುಂದಿಟ್ಟರು. ಯಾವ ಮೌಲ್ಯಕ್ಕೆ ಯಾವ ದಾರಿ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಜಗಳ ಇದ್ದೇ ಇರುತ್ತದೆ, ಆದರೆ ಅದು ಅಂಕದ ಮೇಲಿನ ಜಗಳ. ಮಾತಾಡಿ ಬಗೆಹರಿಸಿಕೊಳ್ಳಬಹುದು.

ನಮ್ಮಲ್ಲಿ ಇದು ಇನ್ನೂ ಹೆಚ್ಚು ಅಗತ್ಯ ಎನ್ನಲು ನನಗೆ ಸಿಗುವ ದೊಡ್ಡ ಪುರಾವೆ ಸುರಂಗ. ವಿಟ್ಲ, ಪೆರ್ಲ, ಬಾಯಾರಿನ ಕಡೆಯವರಿಗೆ ವಿವರಿಸಬೇಕಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು ಒಳಗಿನ ಒರತೆಯನ್ನು ಹೊರಗೆ ಹರಿಸಿಕೊಳ್ಳುವ, ಒಬ್ಬ ಮನುಷ್ಯ ಮಾತ್ರ ಹೋಗಬಹುದಾದ ಕಿರಿದಾದ ಬಿಲ ಅದು. ಬಂಟ್ವಾಳ ತಾಲ್ಲೂಕಿನ ಮಾಣಿಲದಂಥ ಒಂದೇ ಗ್ರಾಮದಲ್ಲಿ ನೂರಾರು ಇವೆ. ಪತ್ರಕರ್ತ ಶ್ರೀ ಪಡ್ರೆ ಅವರು ಇವುಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಮೇಲಿನಿಂದ ನೋಡಿದರೆ ಬರಿಯ ಗುಡ್ಡ. ಉಪಗ್ರಹದ ಚಿತ್ರದಲ್ಲಿ ಅದು ಬಂಜರು, ಅಂಕ 1. ಟವರಿಗೆ ಹೇಳಿ ಮಾಡಿಸಿದ ಜಾಗ. ಅಡಿಪಾಯಕ್ಕೆ ಅಲ್ಲಿ ಗುಂಡಿ ತೋಡಿದರೆ ಕೆಳಗಿನ ಮನೆಯ ನೀರೇ ಹೋಗಬಹುದು. ಸುರಂಗ ಯಾವ ದಿಕ್ಕಿಗೆ ಎಷ್ಟು ಕೋಲು ಹೋಗಿದೆ, ಎಲ್ಲಿ ತಿರುಗಿದೆ ಎಂಬುದು ತೋಡಿಸಿದ ಮನೆಯವರ ನೆನಪಿನಲ್ಲಿದೆ, ಬೇರೆ ಯಾವ ದಾಖಲೆಯಲ್ಲೂ ಇಲ್ಲ. ಕೊಡಗಿನದೂ ಅದೇ ಕಥೆ. ಆಕಾಶದಿಂದ ನೋಡಿದರೆ ನೆರಳಿನ ಕಾಫಿ ತೋಟ ಯಾವುದು, ಕಾಡು ಯಾವುದು, ಸಾವಿರದ ಇನ್ನೂರಕ್ಕೂ ಹೆಚ್ಚಿರುವ ದೇವರಕಾಡುಗಳಲ್ಲಿ ಒಂದು ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಊರವರನ್ನು ಕೇಳುವುದು ಅವರ ಸಮಾಧಾನಕ್ಕಾಗಿ ಮಾಡುವ ಉಪಚಾರ ಎಂದು ನಾನು ಭಾವಿಸುವುದಿಲ್ಲ. ಕೇಳದಿದ್ದರೆ ದತ್ತಾಂಶವೇ ಅಪೂರ್ಣ, ಲೆಕ್ಕವೇ ತಪ್ಪು.

ಹೀಗಿದ್ದೂ ನಮ್ಮ ಕಾನೂನು ಕೇಳುವ ಹೊತ್ತನ್ನು ತೀರಾ ಕೊನೆಗೆ ಇಟ್ಟಿದೆ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ, ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಕೊಡಲು ಅವಕಾಶ ಮಾಡಿದೆ. ತಂತಿ ಸುದ್ದಿಯ ಕಂಬಕ್ಕೆಂದು ಮಾಡಿದ ನಿಯಮದ ಬಲದಲ್ಲಿ ಭೂಮಿಯ ಒಡೆಯರ ಒಪ್ಪಿಗೆಯಿಲ್ಲದೆ ಟವರ್ ನಿಲ್ಲಿಸಬಹುದು. ಹಾನಿ ಆದಷ್ಟು ಕಡಿಮೆ ಇರಬೇಕು, ಪೂರ್ಣ ಪರಿಹಾರ ಕೊಡಬೇಕು ಎಂಬ ಮಾತೂ ಅದರಲ್ಲೇ ಇದೆ. ಅಡ್ಡಿ ಬಂದರೆ ಜಿಲ್ಲಾಧಿಕಾರಿ, ಪರಿಹಾರ ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪ್ರಸರಣ ಲೈನುಗಳು ಇಲ್ಲದ್ದರಿಂದ ಗಣಿಗೋ ಅಣೆಕಟ್ಟಿಗೋ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆಯೂ ನಡೆಯುವುದಿಲ್ಲ. ಊರಿನವರಿಗೆ ಮೊದಲು ಕಾಣುವುದು ಕೆಂಪು ಬಣ್ಣದ ಕಲ್ಲು. ಅಷ್ಟರಲ್ಲಿ ಅಂಕವೆಲ್ಲ ಹಾಕಿ ಆಗಿರುತ್ತದೆ. ಮೈಸೂರು–ಕೋಝಿಕ್ಕೋಡ್ 400 ಕಿಲೋವೋಲ್ಟಿನ ಲೈನಿಗಾಗಿ 2015ರ ಸುಮಾರಿಗೆ ಕೊಡಗಿನಲ್ಲಿ ಸಾವಿರಾರು ಮರ ಉರುಳಿದವು. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಕೋರ್ಟಿನವರೆಗೆ ಹೋರಾಡಿತು. ಉಡುಪಿ–ಕಾಸರಗೋಡು ಲೈನಿಗೂ ಕಾರ್ಕಳದ ಇನ್ನಾದಿಂದ ಬಂಟ್ವಾಳದವರೆಗೆ ರೈತರು ಎದುರು ನಿಂತಿದ್ದಾರೆ. ಕೇರಳದ ಇಡಮಣ್–ಕೊಚ್ಚಿ ಲೈನ್ ಇಂಥದೇ ವಿರೋಧದಲ್ಲಿ ದಶಕಕ್ಕೂ ಹೆಚ್ಚು ಕಾಲ ಸಿಕ್ಕಿಬಿದ್ದು 2019ರಲ್ಲಿ ಮುಗಿಯಿತು. ಕೇಳುತ್ತ ಕೂತರೆ ತಡವಾಗುತ್ತದೆ ಎನ್ನುವವರು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೋಟದವರ ನಷ್ಟ ಎಷ್ಟೆಂದು ಕತ್ರಿಗುಪ್ಪೆಯ ಮಹಡಿ ಮನೆಯಲ್ಲಿ ಕೂತು ಅಂದಾಜಾಗುವುದು ಕಷ್ಟ. 400 ಕಿಲೋವೋಲ್ಟಿನ ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಗೂ ಹೆಚ್ಚು. ಅಷ್ಟೂ ಅಡಿಕೆಯಾಗಿದ್ದರೆ, ಒಂಬತ್ತು ಅಡಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮರ. ಗದ್ದೆಯಾದರೆ ತಂತಿಯ ಕೆಳಗೆ ಮತ್ತೆ ಉಳಬಹುದು, ಅಡಿಕೆ ಮತ್ತೆ ಏಳುವಂತಿಲ್ಲ. ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಮಾರ್ಗಸೂಚಿ ಟವರಿನ ಬುಡಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಶೇ 15ರವರೆಗೆ ಪರಿಹಾರ ಹೇಳಿತ್ತು. 2024ರಲ್ಲಿ ಅದು ಶೇ 200 ಮತ್ತು ಶೇ 30 ಆಯಿತು. ಒಳ್ಳೆಯದೇ. ಆದರೂ ಅದು ಒಂದು ಸಲದ ದುಡ್ಡು. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ಸರ್ಕಾರ ಕೊಳ್ಳಲಿಲ್ಲ, ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಒಡೆತನ ರೈತರದೇ. ಭೂಮಿಯಿಲ್ಲದ ಕೂಲಿಯವರಿಗೆ ಅದರಿಂದ ಏನೂ ದಕ್ಕಲಿಲ್ಲ ಎಂಬ ದೂರು ನಿಜ. ಆದರೆ ಕರೆಂಟು ಹುಟ್ಟುವ ನೆಲಕ್ಕೆ ಪ್ರತಿ ವರ್ಷ ಬಾಡಿಗೆ ಕೊಡಬಹುದಾದರೆ ಅದು ಹಾದುಹೋಗುವ ನೆಲಕ್ಕೂ ಯಾಕೆ ಕೊಡಬಾರದು?

ತಂತಿ ಹಾದುಹೋಗುವ ನೆಲಕ್ಕೆ ಏನು ದಕ್ಕುತ್ತದೆ ಎಂಬುದು ನಮ್ಮ ನಾಡಿನಲ್ಲಿ ಹಳೆಯ ಪ್ರಶ್ನೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟು ಹರಿದಾಗ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಲೋಟ್‌ಬಿನಿಯೇರ್ ಅವರ ಧೈರ್ಯ ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ಆ ತಂತಿಯ ಕೆಳಗಿದ್ದ ಬಹುಪಾಲು ಹಳ್ಳಿಗಳು ಮಾತ್ರ ಇನ್ನೂ ಹಲವು ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು.

ಓದುಗರಿಗೆ ನಾನು ಬರೆದದ್ದು ಇಷ್ಟು: ಅಣ್ಣನವರಿಗೆ ಹೇಳಿ, ತೋಟದ ನಕ್ಷೆಯೊಂದನ್ನು ಅವರೇ ಬರೆಯಲಿ. ಮೊನ್ನೆ ಅದರ ಫೋಟೊ ಬಂತು. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನೀಲಿ ಪೆನ್ನಿನ ಗೆರೆ. ಬಾವಿ, ನಾಗಬನ, ಪಕ್ಕದವರ ದನದ ಕೊಟ್ಟಿಗೆ, ಅಜ್ಜನ ಕಾಲದ ಎರಡು ಸುರಂಗ. ಅವುಗಳಲ್ಲಿ ಒಂದು ಕೆಂಪು ಕಲ್ಲಿನ ಅಡಿಯಲ್ಲೇ ಹಾದುಹೋಗಿದೆ. ಇದನ್ನು ಪಂಚಾಯತಿಗೆ ಕೊಡಬೇಕೋ ಜಿಲ್ಲಾಧಿಕಾರಿಗೋ ಎಂದು ಕೇಳಿದ್ದಾರೆ. ಇಬ್ಬರಿಗೂ ಕೊಡಿ, ಎರಡೂ ಕಡೆ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ, ಅಡಿಪಾಯದ ಗುಂಡಿ ತೋಡುವ ಮೊದಲೇ.