ಹೆಚ್ಚಿದ ಆಯಸ್ಸು ಹಾಸಿಗೆ ಪಾಲಾಗದಿರಲಿ



ನಾಳೆ ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಸಾಲಿನಲ್ಲಿ ಒಮ್ಮೆ ಕಣ್ಣಾಡಿಸಿ. ಅರವತ್ತು ದಾಟಿದವರು ಎಷ್ಟು ಮಂದಿ ಇದ್ದಾರೆ ಎಣಿಸಿ ನೋಡಿ. ಮನೆಗೆ ಹೋದ ಮೇಲೆ ನಿಮ್ಮ ಅತ್ತೆಯವರನ್ನೋ ತಾಯಿಯವರನ್ನೋ ಕೇಳಿ: ‘ನಿಮ್ಮ ಕಾಲದಲ್ಲಿ ಅರವತ್ತು ಕಂಡವರು ಊರಲ್ಲಿ ಎಷ್ಟು ಜನ ಇದ್ದರು?’ ಎಂದು. ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರೆ ಈ ಲೇಖನದ ಅರ್ಧ ಭಾಗ ನೀವೇ ಬರೆದಂತಾಯಿತು.

ನಾವು ಹೆಚ್ಚು ವರ್ಷ ಬದುಕುತ್ತಿದ್ದೇವೆ. ಸಂತೋಷದ ಮಾತೇ. ಆದರೆ ಹೆಚ್ಚಾದ ಆ ವರ್ಷಗಳನ್ನು ಹಸುವಿನ ಹಗ್ಗ ಹಿಡಿದು ಓಡಾಡುತ್ತಾ ಕಳೆಯುತ್ತೇವೋ, ಇಲ್ಲ ಮಂಚದ ಮೇಲೆ ಮಲಗಿ ಕಳೆಯುತ್ತೇವೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರವನ್ನು ಅರವತ್ತರಲ್ಲಿ ಹುಡುಕಿದರೆ ತಡವಾಗುತ್ತದೆ. ನಲವತ್ತರಲ್ಲೇ ಹುಡುಕಬೇಕು.

ಒಂದೇ ರಸ್ತೆ, ಎರಡು ಕಾಲ

ಮೈಸೂರಿನ ಕುಂಬಾರಕೊಪ್ಪಲು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಊರು. ಹೆಸರಿಗೆ ಕೊಪ್ಪಲು, ಆದರೆ ಇಂದು ನಗರದ ಒಡಲಲ್ಲೇ ಇದೆ. ಸುತ್ತ ಗೋಕುಲಂ, ವಿಜಯನಗರ, ಹೆಬ್ಬಾಳು ಕೈಗಾರಿಕಾ ಪ್ರದೇಶ ಬೆಳೆದು ನಿಂತಿವೆ. ಇಲ್ಲಿಗೆ ಹತ್ತಿರದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ, ಹಳೆಯ ಕ್ಷಯರೋಗ ಆಸ್ಪತ್ರೆಯೊಂದಿದೆ. ಜನ ಅದನ್ನು ಪಿಕೆಟಿಬಿ ಎನ್ನುತ್ತಾರೆ. ಪೂರ್ಣ ಹೆಸರು ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ.

ಕೃಷ್ಣಾಜಮ್ಮಣ್ಣಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಅರಮನೆಯಲ್ಲಿ ಹುಟ್ಟಿದವರು. ಊಟಕ್ಕೆ, ವೈದ್ಯರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಕ್ಷಯ ಅವರನ್ನು ಚಿಕ್ಕ ವಯಸ್ಸಿನಲ್ಲೇ ಕೊಂಡೊಯ್ದಿತು. ಅವರ ಹೆಣ್ಣುಮಕ್ಕಳೂ ಅದೇ ರೋಗಕ್ಕೆ ಬಲಿಯಾದರು. ಅವರ ನೆನಪಿಗಾಗಿ 1921ರಲ್ಲಿ ಈ ಆಸ್ಪತ್ರೆ ಆರಂಭವಾಯಿತು. ರಾಜನ ಮನೆಯ ಹೆಣ್ಣುಮಗಳ ಗತಿಯೇ ಹೀಗಾದರೆ ಕೊಪ್ಪಲಿನ ಬಡ ಹೆಂಗಸಿನ ಗತಿ ಏನಿದ್ದೀತು, ಯೋಚಿಸಿ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಊರೂರನ್ನೇ ಖಾಲಿ ಮಾಡಿಸಿತ್ತು. ಸಿಡುಬು, ಕಾಲರಾ, ಬಾಣಂತಿ ಸನ್ನಿ ಎಲ್ಲವೂ ಎಳೆಯ ಜೀವಗಳನ್ನೇ ಹುಡುಕಿಕೊಂಡು ಬರುತ್ತಿದ್ದವು.

ಈಗ ಅದೇ ಪಿಕೆಟಿಬಿ ಜಾಗದಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ದೊಡ್ಡ ಕಟ್ಟಡ ಎದ್ದಿದೆ. ನೂರು ವರ್ಷಗಳ ಕಥೆಯನ್ನು ಈ ಒಂದು ರಸ್ತೆಯೇ ಹೇಳುತ್ತದೆ. ಹಿಂದೆ ನಮ್ಮನ್ನು ಕೊಲ್ಲುತ್ತಿದ್ದದ್ದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗಗಳು. ಇಂದು ನಮ್ಮ ದೇಶದಲ್ಲಿ ಅತಿ ಹೆಚ್ಚು ಜೀವ ತೆಗೆಯುತ್ತಿರುವುದು ಹೃದಯ ಮತ್ತು ರಕ್ತನಾಳದ ಕಾಯಿಲೆ. ಕ್ಷಯ ಇನ್ನೂ ಹೋಗಿಲ್ಲ, ನಿಜ. ಆದರೆ ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಹಾಗಲ್ಲ. ಬಂದ ಮೇಲೆ ಜೊತೆಯಲ್ಲೇ ಬಾಳುವೆ ಮಾಡುತ್ತವೆ.

ಸರಾಸರಿಯ ಲೆಕ್ಕ

ಸರ್ಕಾರದ ಮಾದರಿ ನೋಂದಣಿ ಲೆಕ್ಕದಂತೆ 1970-75ರಲ್ಲಿ ಭಾರತೀಯರ ಸರಾಸರಿ ಆಯಸ್ಸು 49.7 ವರ್ಷ. 2016-20ರ ಹೊತ್ತಿಗೆ ಅದು 70 ವರ್ಷವಾಯಿತು. ಅದರಲ್ಲಿ ಗಂಡಸರದು 68.6, ಹೆಂಗಸರದು 71.4.

ಸರಾಸರಿ ಎಂದರೆ ಏನೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಕೊಟ್ಟಿಗೆಯಲ್ಲಿ ಎರಡು ಹಸು ಒಂಬತ್ತೊಂಬತ್ತು ಲೀಟರ್ ಕೊಟ್ಟು ಮೂರನೆಯದು ಬತ್ತಿದ್ದರೆ ಸರಾಸರಿ ಆರು ಲೀಟರ್. ಆರು ಲೀಟರ್ ಕೊಡುವ ಹಸು ಮಾತ್ರ ಕೊಟ್ಟಿಗೆಯಲ್ಲಿ ಇಲ್ಲ! ಹಿಂದಿನ ಸರಾಸರಿ ಆಯಸ್ಸು ಕಡಿಮೆ ಇದ್ದದ್ದೂ ಹೀಗೆಯೇ. ಐವತ್ತಕ್ಕೆ ಎಲ್ಲರೂ ಸಾಯುತ್ತಿರಲಿಲ್ಲ. ಕೂಸುಗಳು, ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ, ರೋಗಾಣು ಕೊಲ್ಲುವ ಔಷಧಿ ಅವರನ್ನು ಉಳಿಸಿದವು. ಹಾಗೆ ಉಳಿದವರೇ ಇಂದಿನ ಅಜ್ಜಿಯರು.

ಇನ್ನೊಂದು ಬದಲಾವಣೆಯೂ ಆಗಿದೆ. ಮಕ್ಕಳ ಸಂಖ್ಯೆ ಇಳಿದಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶ ಮಾಡಿತ್ತು. ಆಗ ಜನ ಬೆರಗಾಗಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಇರುವ ಒಬ್ಬ ಮಗ ಕಾರ್ಖಾನೆಗೋ ಬೆಂಗಳೂರಿಗೋ ಹೋಗುತ್ತಾನೆ, ಮಗಳು ಗಂಡನ ಮನೆಗೆ ಹೋಗುತ್ತಾಳೆ. ನಿಮ್ಮ ಮಂಡಿ ಕೈಕೊಟ್ಟ ದಿನ ಹಸುವಿಗೆ ಹುಲ್ಲು ಹಾಕುವವರು ಯಾರು? ನಿಮಗೆ ಒಂದು ಲೋಟ ನೀರು ಕೊಡುವವರು ಯಾರು? ಆರೋಗ್ಯದ ಮಾತು ಬದುಕಿನ ಮಾತಾಗುವುದು ಇಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ: ಗಟ್ಟಿಮುಟ್ಟಾಗಿ ಬದುಕುವ ವರ್ಷಗಳ ಲೆಕ್ಕ. 2021ರಲ್ಲಿ ಇಡೀ ಜಗತ್ತಿನ ಸರಾಸರಿ ಆಯಸ್ಸು 71.4 ವರ್ಷ. ಅದರಲ್ಲಿ ಪೂರ್ಣ ಆರೋಗ್ಯದ ವರ್ಷ 61.9. ನಡುವಿನ ಒಂಬತ್ತೂವರೆ ವರ್ಷ ನೋವು, ನಿಶ್ಶಕ್ತಿ, ಕಾಯಿಲೆಯ ಪಾಲು. ಹೆಂಗಸರು ಗಂಡಸರಿಗಿಂತ ಹೆಚ್ಚು ಬದುಕುತ್ತಾರೆ, ಹಾಗೆಯೇ ಕಾಯಿಲೆಯಲ್ಲಿ ಕಳೆಯುವ ವರ್ಷವೂ ಹೆಂಗಸರಿಗೇ ಹೆಚ್ಚು.

ಕಣ್ಣಿಗೆ ಕಾಣದ ಕೆಚ್ಚಲು ಬಾವು

ಕೆಚ್ಚಲು ಊದಿ, ಹಾಲು ಒಡೆದು ಬಂದರೆ ನೀವು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡುತ್ತೀರಿ. ಆದರೆ ಹೆಚ್ಚು ನಷ್ಟ ಮಾಡುವುದು ಹೊರಗೆ ಕಾಣದ ಕೆಚ್ಚಲು ಬಾವು. ಕೆಚ್ಚಲು ಚೆನ್ನಾಗಿಯೇ ಇರುತ್ತದೆ, ಹಾಲೂ ಬೆಳ್ಳಗೇ ಇರುತ್ತದೆ, ಒಳಗೆ ಮಾತ್ರ ಹಾಳಾಗುತ್ತಿರುತ್ತದೆ. ಪರೀಕ್ಷೆ ಮಾಡದೆ ತಿಳಿಯುವುದಿಲ್ಲ.

ಮನುಷ್ಯರಿಗೆ ರಕ್ತದೊತ್ತಡ ಅಂಥದ್ದೇ. ತಲೆನೋವು ಬರಬೇಕೆಂದಿಲ್ಲ, ತಲೆಸುತ್ತು ಬರಬೇಕೆಂದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ದಾಟಿದ ಹೆಂಗಸರಲ್ಲಿ ಸುಮಾರು ನಾಲ್ವರಿಗೆ ಒಬ್ಬರಿಗೆ ಬಿಪಿ ಹೆಚ್ಚಿದೆ, ಇಲ್ಲವೇ ಅವರು ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಬೇರೆ ಬೇರೆ ದಿನ ನೋಡಿದಾಗಲೂ 140/90ಕ್ಕಿಂತ ಮೇಲಿದ್ದರೆ ವೈದ್ಯರನ್ನು ಕಾಣಲೇಬೇಕು. ಮಾತ್ರೆ ಕೊಟ್ಟರೆ ‘ಈಗ ಆರಾಮಾಗಿದ್ದೇನೆ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಆರಾಮಾಗಿರುವುದು ಮಾತ್ರೆಯಿಂದಲೇ. ಬಿಟ್ಟರೆ ಮುಂದೆ ಪಾರ್ಶ್ವವಾಯು ಹೊಡೆಯಬಹುದು, ಮೂತ್ರಪಿಂಡ ಕೆಡಬಹುದು.

ಹೃದಯಾಘಾತ ಎಂದರೆ ಎದೆ ಹಿಡಿದು ಬೀಳುವುದು ಎಂದು ಸಿನಿಮಾದಲ್ಲಿ ನೋಡಿದ್ದೇವೆ. ಹೆಂಗಸರಲ್ಲಿ ಕೆಲವೊಮ್ಮೆ ಎದೆನೋವು ಜೋರಾಗಿ ಬರುವುದೇ ಇಲ್ಲ. ಉಸಿರು ಕಟ್ಟಿದಂತಾಗುವುದು, ದವಡೆ ಅಥವಾ ಬೆನ್ನು ನೋವು, ವಾಂತಿ, ತಣ್ಣನೆ ಬೆವರು, ಎಂದೂ ಇಲ್ಲದ ಸುಸ್ತು ಕಾಣಿಸಬಹುದು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗಬೇಡಿ. ಹಾಗೆಯೇ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಎರಡರಲ್ಲೂ ತಡಮಾಡದೆ 108ಕ್ಕೆ ಕರೆ ಮಾಡಿ. ಹಾಲು ಕರೆಯುವುದು ಬಾಕಿ ಇದೆ ಎಂದು ಕಾಯಬೇಡಿ.

ಹಸುವಿಗೆ ಖನಿಜ ಮಿಶ್ರಣ, ನಿಮಗೆ?

ಕರು ಹಾಕಿದ ಒಂದೆರಡು ದಿನದಲ್ಲಿ ಒಳ್ಳೆಯ ಹಾಲಿನ ಹಸು ಏಳಲಾರದೆ ಕುಸಿದು ಕುಳಿತದ್ದನ್ನು ನೀವು ನೋಡಿರುತ್ತೀರಿ. ಅದು ಹಾಲು ಜ್ವರ. ಹಾಲಿಗೆ ಹೋಗುವಷ್ಟು ಸುಣ್ಣದಂಶ ರಕ್ತಕ್ಕೆ ಬೇಗ ಬಂದು ಸೇರದಿದ್ದಾಗ ಹೀಗಾಗುತ್ತದೆ. ನಮ್ಮ ದೇಹದಲ್ಲಿ ಇದೇ ಕೊರತೆ ನಿಧಾನವಾಗಿ, ವರ್ಷಗಟ್ಟಲೆ ನಡೆಯುತ್ತದೆ. ಊಟದಲ್ಲಿ ಸುಣ್ಣದಂಶ ಸಾಲದಿದ್ದರೆ ದೇಹ ಮೂಳೆಯಿಂದ ತೆಗೆದುಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಇನ್ನೂ ಬೇಗ ಸವೆಯುತ್ತದೆ. ಕೊನೆಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಅಜ್ಜಿ ಮತ್ತೆ ಎದ್ದು ಓಡಾಡುವುದು ಕಷ್ಟವಾಗುತ್ತದೆ.

ವಯಸ್ಕ ಹೆಂಗಸಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಸುಣ್ಣದಂಶ ಬೇಕು, ಮುಟ್ಟು ನಿಂತ ಮೇಲೆ 1200. ಕಾಲು ಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350. ಅಂದರೆ ಮುದ್ದೆ, ಸೊಪ್ಪು, ಮಜ್ಜಿಗೆ ಉಣ್ಣುವ ನಮ್ಮ ಹಳೆಯ ಊಟವೇ ದೊಡ್ಡ ಔಷಧಿ. ಆದರೆ ಎಷ್ಟೋ ಮನೆಗಳಲ್ಲಿ ಹಾಲೆಲ್ಲ ಡೇರಿಗೆ ಹೋಗಿ, ಉಳಿದದ್ದು ಮಕ್ಕಳಿಗೆ, ಗಂಡಸರ ಕಾಫಿಗೆ ಆಗಿ, ಕರೆದವಳ ಪಾಲಿಗೆ ಏನೂ ಇರುವುದಿಲ್ಲ. ಈ ಪತ್ರಿಕೆ ಹಾಲು ಹಾಕಿ ಎಂದು ನಿಮಗೆ ಹೇಳುತ್ತಲೇ ಬಂದಿದೆ. ಇಂದು ಇನ್ನೊಂದು ಮಾತನ್ನೂ ಹೇಳುತ್ತದೆ: ಕ್ಯಾನಿಗೆ ಸುರಿಯುವ ಮುಂಚೆ ನಿಮ್ಮ ಲೋಟದ ಹಾಲನ್ನು ತೆಗೆದಿಡಿ. ಕಾಯಿಸಿ ಕುಡಿಯಿರಿ, ಹಸಿ ಹಾಲು ಬೇಡ.

ಜೊತೆಗೆ ಹುರುಳಿ, ಅವರೆ, ಮೊಳಕೆ ಕಾಳು, ಆಗುವವರಿಗೆ ಮೊಟ್ಟೆ ಇರಲಿ. ಮೂಳೆಯಷ್ಟೇ ಮಾಂಸಖಂಡವೂ ಮುಖ್ಯ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದೆಯೇ ಎಂದು ಆಗಾಗ ನೋಡಿಕೊಳ್ಳಿ. ಆಗದಿದ್ದರೆ ದಿನವೂ ನಾಲ್ಕೈದು ಬಾರಿ ನಿಧಾನವಾಗಿ ಎದ್ದು ಕೂತು ಅಭ್ಯಾಸ ಮಾಡಿ. ಮಂಡಿ ನೋವಿದ್ದರೆ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯುವ ಬದಲು ಒಂದು ಸಣ್ಣ ಸ್ಟೂಲು ಮಾಡಿಸಿಕೊಳ್ಳಿ.

ಉಪ್ಪು ಇಳಿಸಿದ ಹೆಂಗಸರು

ಜಪಾನ್ ದೇಶದಲ್ಲಿ 1963ರಲ್ಲಿ ನೂರು ತುಂಬಿದವರು 153 ಮಂದಿ ಮಾತ್ರ ಇದ್ದರು. 2024ರಲ್ಲಿ ಅವರ ಸಂಖ್ಯೆ 95,119. ಅವರಲ್ಲಿ ನೂರಕ್ಕೆ ಸುಮಾರು 88 ಮಂದಿ ಹೆಂಗಸರು. ಅಲ್ಲಿನ ನಗಾನೊ ಎಂಬ ಬೆಟ್ಟದ ಸೀಮೆಯ ಕಥೆ ನಮಗೆ ಹತ್ತಿರದ್ದು. ಚಳಿಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ತರಕಾರಿ ತಿಂದು ಅಲ್ಲಿ ಪಾರ್ಶ್ವವಾಯುವಿನಿಂದ ಸಾಯುವವರು ಬಹಳವಿದ್ದರು. ಊರಿನ ಗೃಹಿಣಿಯರೇ ಆರೋಗ್ಯ ಸ್ವಯಂಸೇವಕಿಯರಾಗಿ ಮನೆಮನೆಗೆ ಹೋಗಿ ಸಾರಿನ ಉಪ್ಪು ಅಳೆದು, ಕಡಿಮೆ ಮಾಡಲು ಹೇಳಿಕೊಟ್ಟರು. ಮುಂದೆ ಅದೇ ನಗಾನೊ ಜಪಾನಿನಲ್ಲೇ ಹೆಚ್ಚು ಆಯಸ್ಸಿನ ಸೀಮೆಗಳಲ್ಲಿ ಒಂದಾಯಿತು.

ನಮ್ಮಲ್ಲೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದ ಮನೆ ಇಲ್ಲ. ಉಪ್ಸಾರು ಬಿಡಿ ಎಂದು ಮೈಸೂರು ಸೀಮೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳುವುದೂ ಬೇಡ. ಉಪ್ಪು ಕಡಿಮೆ ಹಾಕಿ ಬೆಳ್ಳುಳ್ಳಿ, ಜೀರಿಗೆ, ಹುಣಸೆ ಮುಂದೆ ಮಾಡಿದರೆ ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರು ಅದನ್ನು ಬಿಡಿ. ಅದು ಬಾಯಿಯ ಕ್ಯಾನ್ಸರಿಗೆ ದಾರಿ. ಸೌದೆ ಒಲೆಯ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆ. ಒಲೆ ಇರುವಲ್ಲಿ ಹೊಗೆ ಹೋಗಲು ದಾರಿ ಇರಲಿ.

ಪಾಸ್‌ಪುಸ್ತಕ ಯಾರ ಹೆಸರಿನಲ್ಲಿದೆ?

ಸಾಮಾನ್ಯವಾಗಿ ಗಂಡ ಹೆಂಡತಿಗಿಂತ ನಾಲ್ಕೈದು ವರ್ಷ ದೊಡ್ಡವರು. ಹೆಣ್ಣಿನ ಆಯಸ್ಸೂ ಹೆಚ್ಚು. ಹೇಳಲು ಕಷ್ಟವಾದರೂ ಸತ್ಯ ಇದು: ನಮ್ಮಲ್ಲಿ ಬಹಳ ಮಂದಿ ಕೊನೆಯ ಕೆಲವು ವರ್ಷ ಒಂಟಿಯಾಗಿ ಬಾಳಬೇಕಾಗುತ್ತದೆ. ಆಗ ಕೈಯಲ್ಲಿ ಕಾಸಿಲ್ಲದಿದ್ದರೆ ಮಾತ್ರೆಗೂ ಮಗನ ಮುಖ ನೋಡಬೇಕು.

ಹಸು ಕಟ್ಟುವವರು ನೀವು, ಕರೆಯುವವರು ನೀವು. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆಯೇ? ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ನಿಮ್ಮ ಖಾತೆಗೆ ಬರುತ್ತಿದೆಯೇ? ಇಲ್ಲದಿದ್ದರೆ ಈ ವಾರವೇ ಕಾರ್ಯದರ್ಶಿಯವರನ್ನು ಕೇಳಿ. ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ನಡುವೆ ನಿಂತಿದ್ದು 2022-23ರಲ್ಲಿ ಮತ್ತೆ ಬಂದಿದೆ. ಪ್ರತಿ ವರ್ಷ ನೋಂದಣಿ ಮಾಡಿಸಬೇಕು. ಕೊನೆಯ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. 65 ತುಂಬಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಹಿರಿಯರಿಗೆ ತೊಂದರೆಯಾದರೆ ಸಹಾಯವಾಣಿ 14567 ಇದೆ.

ಕೊನೆಯದಾಗಿ ಒಂದು ಕೆಲಸ. ಮುಂದಿನ ಸಂಘದ ಸಭೆಗೆ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರದವರನ್ನು ಕರೆಸಿ. ಮೂವತ್ತು ದಾಟಿದ ಪ್ರತಿಯೊಬ್ಬ ಸದಸ್ಯೆಯ ಬಿಪಿ, ಸಕ್ಕರೆ ನೋಡಿಸಿ. ಹಸುವಿನ ಲಸಿಕೆಯ ದಿನ ಬರೆಯುವ ಪುಸ್ತಕ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಕೊನೆಯ ಪುಟದಲ್ಲಿ ನಿಮ್ಮ ಹೆಸರು ಬರೆದು, ಅಂದಿನ ತಾರೀಕು ಮತ್ತು ನಿಮ್ಮ ಬಿಪಿ ಎಷ್ಟು ಎಂದು ಗುರುತು ಹಾಕಿ. ಆರು ತಿಂಗಳ ನಂತರ ಅದರ ಕೆಳಗೆ ಎರಡನೆಯ ಸಾಲು ಬರೆಯಿರಿ.