ಜೋಕಾಲಿ ಮತ್ತು ಹಗ್ಗದ ಮಲ್ಲಕಂಬ

ಶ್ರಾವಣದಲ್ಲಿ ನಾಗರ ಪಂಚಮಿ ಸಮೀಪಿಸಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಮರದ ಗಟ್ಟಿ ಟೊಂಗೆಗಳಿಗೆ ಹಗ್ಗ ಬೀಳುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಎಳ್ಳುಂಡಿ, ಶೇಂಗಾ ಉಂಡಿಗಳನ್ನು ಮೆದ್ದು, ಇಬ್ಬಿಬ್ಬರಾಗಿ ಎದುರುಬದುರು ನಿಂತು ಜೋಕಾಲಿ ಜೀಕುತ್ತಾರೆ. ನೆಲದ ಮೇಲೆ ನಿಂತು ನೂಕುವವರಿಲ್ಲದೆಯೇ ಜೋಕಾಲಿ ಏರುತ್ತ ಹೋಗುವುದು ನೋಡುವವರಿಗೆ ಸೋಜಿಗ. ಅದರ ಗುಟ್ಟು ಮೊಣಕಾಲಿನಲ್ಲಿದೆ. ಜೋಕಾಲಿ ಮೇಲಿನ ತುದಿ ಮುಟ್ಟಿದಾಗ ಕುಕ್ಕರಿಸಿ, ಕೆಳಗಿಳಿದು ನಡುವಿಗೆ ಬಂದೊಡನೆ ನೆಟ್ಟಗೆ ಎದ್ದರೆ, ಏಳುವುದಕ್ಕೆ ಪಟ್ಟ ಶ್ರಮವೇ ವೇಗವಾಗಿ ಪರಿಣಮಿಸುತ್ತದೆ. ಭೌತಶಾಸ್ತ್ರದ ಪುಸ್ತಕವನ್ನು ತೆರೆಯದವರೂ ಈ ಹದವನ್ನು ತಪ್ಪುವುದಿಲ್ಲ.

ಸರ್ಕಸ್ಸಿನ ಟ್ರಪೀಜ್ ಈ ಜೋಕಾಲಿಯ ಹತ್ತಿರದ ಬಂಧು. ಫ್ರಾನ್ಸಿನ ತುಲೂಸ್ ನಗರದ ವ್ಯಾಯಾಮ ಶಿಕ್ಷಕನೊಬ್ಬನ ಮಗ ಜೂಲ್ ಲಿಯೋತಾರ್ ಈಜುಕೊಳದ ಮೇಲೆ ಕೋಲುಗಳನ್ನು ತೂಗುಹಾಕಿ, ಒಂದರಿಂದ ಮತ್ತೊಂದಕ್ಕೆ ಹಾರುವುದನ್ನು ಅಭ್ಯಾಸ ಮಾಡಿದನು. 1859ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನಲ್ಲಿ ಆ ವಿದ್ಯೆಯನ್ನು ಪ್ರದರ್ಶಿಸಿದನು. ಅವನ ಹವ್ಯಾಸ ಮುಂದೆ ಅನೇಕರ ಹೊಟ್ಟೆಪಾಡಾಯಿತು. ಆದರೆ ಹೊಟ್ಟೆಪಾಡಿಗೆ ಹಗ್ಗವೇರುವುದು ಬೇರೆ, ಉಲ್ಲಾಸಕ್ಕೆ ಏರುವುದು ಬೇರೆ. ನಮ್ಮ ಊರುಗಳ ಬೀದಿಯಲ್ಲಿ ದೊಂಬರ ಮಕ್ಕಳು ಹಗ್ಗದ ಮೇಲೆ ನಡೆದದ್ದು ಹಸಿವಿನ ಕಾರಣದಿಂದ. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2011ರಲ್ಲಿ.

ಉಲ್ಲಾಸಕ್ಕಾಗಿ ಹಗ್ಗವೇರಬಯಸುವವರಿಗೆ ಈ ನಾಡಿನಲ್ಲಿ ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಳುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ವ್ಯಾಯಾಮದ ಉಲ್ಲೇಖವಿದೆ. ಇಂಡಿ ಸೀಮೆ ಅಂದು ಆ ಅರಸರ ಆಳ್ವಿಕೆಗೆ ಸೇರಿತ್ತು. ಕುಸ್ತಿಪಟುಗಳ ಈ ಸಾಧನೆಯೇ ಮಲ್ಲಕಂಬ. ಔಡಲೆಣ್ಣೆ ಸವರಿದ ತೇಗದ ಕಂಬವನ್ನು ನೆಲದಲ್ಲಿ ಹೂಳುವುದು ಒಂದು ಬಗೆ. ಸರಪಳಿಯಿಂದ ತೂಗುಬಿಡುವುದು ಇನ್ನೊಂದು. ಮೂರನೆಯದು ಹಗ್ಗದ ಮಲ್ಲಕಂಬ. ಮೊದಲು ಬೆತ್ತವನ್ನು ತೂಗುಬಿಡುತ್ತಿದ್ದರು. ಆ ಸ್ಥಾನಕ್ಕೆ ಈಗ ನೂಲಿನ ಹಗ್ಗ ಬಂದಿದೆ. ಹೆಣ್ಣುಮಕ್ಕಳು ಹೆಚ್ಚಾಗಿ ಅಭ್ಯಾಸ ಮಾಡುವುದು ಇದನ್ನೇ.

ಇಲ್ಲಿ ಹಗ್ಗಕ್ಕೆ ಗಂಟು ಹಾಕುವಂತಿಲ್ಲ. ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಹಗ್ಗವನ್ನು ಬಿಗಿಹಿಡಿದು ಏರಬೇಕು. ಮೇಲೇರಿದ ಬಳಿಕ ತೊಡೆಗೆ, ಸೊಂಟಕ್ಕೆ, ಪಾದಕ್ಕೆ ಸುತ್ತು ಕೊಟ್ಟು, ಕೈ ಬಿಟ್ಟು, ಆಸನದಲ್ಲಿ ನಿಲ್ಲಬೇಕು. ಗಂಟಿಲ್ಲದ ಹಗ್ಗ ಜಾರದಿರುವುದೇಕೆ? ಘರ್ಷಣೆಯಿಂದ. ಸುತ್ತು ಒಂದೊಂದು ಹೆಚ್ಚಿದಂತೆ ಹಿಡಿತ ಕೂಡುವುದಲ್ಲ, ಗುಣಿತವಾಗಿ ಬೆಳೆಯುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಭಾರವಾದ ಕೊಡವೂ ಹಗುರವಾಗುವುದು ಇದೇ ಕಾರಣದಿಂದ. ದೇಹದ ಭಾರ ಹಗ್ಗವನ್ನು ಎಳೆದಷ್ಟೂ ಸುತ್ತು ಬಿಗಿಯುತ್ತದೆ. ಬೀಳಿಸಬೇಕಾದ ಭಾರವೇ ಹಿಡಿದು ನಿಲ್ಲಿಸುತ್ತದೆ. ಸುತ್ತಿನ ಕ್ರಮ ಒಂದೆಡೆ ತಪ್ಪಿದರೆ ಮಾತ್ರ ಎಲ್ಲವೂ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಕಲಿಯುವವರನ್ನು ಬಹುಕಾಲ ನೆಲದಿಂದ ಮೊಳದೆತ್ತರದಲ್ಲಿಯೇ ನಿಲ್ಲಿಸಿ, ಕೆಳಗೆ ದಪ್ಪ ಹಾಸು ಹಾಸಿ, ಬಲ್ಲವರ ಕಣ್ಣೆದುರಿನಲ್ಲಿ ಕಲಿಸುವುದು ವಾಡಿಕೆ. ಮೊದಲ ದಿನಗಳಲ್ಲಿ ತೊಡೆಯ ಚರ್ಮ ಕೆಂಪೇರಿ ಉರಿಯುವುದುಂಟು. ಅನೇಕರು ಬಿಟ್ಟುಹೋಗುವುದೂ ಆಗಲೇ.

1997ರವರೆಗೆ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾಗಲಕೋಟೆ ಭಾಗದ ತುಳಸಿಗೇರಿ ಹಾಗೂ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮಲ್ಲಕಂಬಕ್ಕೆ ಹೆಸರಾದ ಊರುಗಳು. 2019ರಲ್ಲಿ ಮುಂಬಯಿಯಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಮಲ್ಲಕಂಬಕ್ಕೆ ಎಡೆ ದೊರೆಯಿತು. ಪಂಚಮಿ ಮುಗಿದ ಕೆಲವೇ ದಿನಗಳಲ್ಲಿ ಹಳ್ಳಿಯ ಟೊಂಗೆಗಳಿಂದ ಹಗ್ಗ ಇಳಿಯುತ್ತದೆ, ಅದರೊಡನೆ ಹುಡುಗಿಯರ ಆಟವೂ ಮುಂದಿನ ಶ್ರಾವಣದವರೆಗೆ ನಿಲ್ಲುತ್ತದೆ. ಮಲ್ಲಕಂಬದ ಹಗ್ಗವನ್ನು ಮಾತ್ರ ವರ್ಷವಿಡೀ ಇಳಿಸುವುದಿಲ್ಲ.